ಉಳಿದ ಮರವೇ ಬೀಜದ ಮರ: ಅಮೆರಿಕದ ಬಿಳಿ ಅಕ್ರೋಟಿನ ಕತೆ

ತೋಟಕ್ಕೆ ರೋಗ ಬಂತೆಂದರೆ ಬೆಳೆಗಾರನ ಕೈ ಮೊದಲು ಔಷಧದ ಡಬ್ಬಿಗೆ ಹೋಗುತ್ತದೆ. ಔಷಧ ನಾಟದಿದ್ದರೆ ಕೊಡಲಿಗೆ ಹೋಗುತ್ತದೆ. ಹೇಗಿದ್ದರೂ ಸಾಯುವ ಮರ, ನಾಲ್ಕು ಕಾಸು ಹುಟ್ಟುವಾಗಲೇ ಮಾರಿಬಿಡೋಣ ಎಂಬ ಯೋಚನೆ ಎಲ್ಲ ದೇಶದ ರೈತರಿಗೂ ಬರುವಂಥದ್ದೇ. ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಆದರೆ ಆ ಅವಸರದಲ್ಲಿ ಕಡಿಯಬಾರದ ಮರವೂ ಕೊಡಲಿಗೆ ಸಿಕ್ಕಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಅಮೆರಿಕದ ಒಂದು ಮರದ ಕತೆ ಒಳ್ಳೆಯ ಉದಾಹರಣೆಯಾಗಿದೆ. ಅದನ್ನು ಬೆಳೆಗಾರ ಬಾಂಧವರ ಮುಂದಿಡುವುದು ಉಚಿತವೆಂದು ನಮಗೆ ತೋರಿತು.

ಆ ಮರದ ಹೆಸರು ಬಟರ್‌ನಟ್. ಅದೇ ಹೆಸರಿನ ಕುಂಬಳಕಾಯಿಯೊಂದು ಈಚೆಗೆ ಪೇಟೆಯಲ್ಲಿ ಕಾಣಸಿಗುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇವೆ. ಇದನ್ನು ಓದಿ, ಸಸಿ ಎಲ್ಲಿ ಸಿಗುತ್ತದೆಂದು ಸಂಘದ ಕಚೇರಿಗೆ ಯಾರೂ ಕಾಗದ ಬರೆಯುವುದು ಬೇಡ. ಚಳಿಗಾಲವಿಡೀ ಹಿಮ ಬೀಳುವ ನಾಡಿನ ಮರವಿದು. ನಮ್ಮ ಹವೆಗೆ ಒಗ್ಗುವಂಥದ್ದಲ್ಲ. ನಾವು ತರಿಸಿಕೊಳ್ಳಬೇಕಾದದ್ದು ಮರವನ್ನಲ್ಲ, ಅದರ ಕತೆಯಲ್ಲಿರುವ ಬುದ್ಧಿಯನ್ನು.

ಮರದ ಪರಿಚಯ

ಬಟರ್‌ನಟ್ ಅಕ್ರೋಟಿನ ಜಾತಿಗೆ ಸೇರಿದ್ದು. ಶಾಸ್ತ್ರೀಯ ಹೆಸರು ಜಗ್ಲನ್ಸ್ ಸಿನೆರಿಯಾ. ಸಿನೆರಿಯಾ ಎಂದರೆ ಬೂದಿ ಬಣ್ಣದ್ದು ಎಂದರ್ಥ. ತೊಗಟೆಯ ಬಣ್ಣದಿಂದ ಬಂದ ಹೆಸರು. ಅದೇ ನಾಡಿನಲ್ಲಿ ಕಪ್ಪು ಅಕ್ರೋಟು ಎಂಬ ದಾಯಾದಿ ಮರವೊಂದಿದೆ. ಅದರ ಚೇಗು ಕಡು ಕಂದು ಬಣ್ಣದ್ದಾಗಿದ್ದು ಬಹಳ ಬೆಲೆ ಬಾಳುತ್ತದೆ. ಬಟರ್‌ನಟ್ಟಿನ ಚೇಗು ತಿಳಿಯಾದ ಕಂದು, ಹೊರಮರ ಹೆಚ್ಚುಕಡಿಮೆ ಬಿಳಿ. ಆದ್ದರಿಂದಲೇ ಮರಗೆಲಸದವರು ಇದನ್ನು ಬಿಳಿ ಅಕ್ರೋಟು ಎಂದು ಕರೆಯುತ್ತ ಬಂದಿದ್ದಾರೆ.

ಕೆನಡಾದ ನ್ಯೂ ಬ್ರನ್ಸ್‌ವಿಕ್, ಕ್ವಿಬೆಕ್, ಒಂಟಾರಿಯೊ ಪ್ರಾಂತಗಳಿಂದ ಹಿಡಿದು ಅಮೆರಿಕದ ಮಿನ್ನೆಸೋಟದವರೆಗೆ, ದಕ್ಷಿಣಕ್ಕೆ ಅರ್ಕನ್ಸಾ ಮತ್ತು ಜಾರ್ಜಿಯಾದ ಉತ್ತರ ಭಾಗದವರೆಗೆ ಇದರ ಹರಹು. ಹೊಳೆದಂಡೆಯ ಫಲವತ್ತಾದ, ನೀರು ಬಸಿದುಹೋಗುವ ಮಣ್ಣು ಇದಕ್ಕೆ ಪ್ರಿಯ. ಎಲ್ಲಿಯೂ ಇದರದೇ ದಟ್ಟ ಕಾಡಿಲ್ಲ. ಬೇರೆ ಮರಗಳ ನಡುವೆ ಅಲ್ಲೊಂದು ಇಲ್ಲೊಂದು, ಹೊಲದ ಬೇಲಿಯಂಚಿನಲ್ಲಿ ನಾಲ್ಕಾರು, ಮನೆಯ ಹಿತ್ತಿಲಲ್ಲಿ ಒಂದೆರಡು, ಹೀಗೆ ಹರಡಿಕೊಂಡಿರುವ ಮರ. ಸಾಮಾನ್ಯವಾಗಿ 40ರಿಂದ 60 ಅಡಿ ಎತ್ತರ ಬೆಳೆಯುತ್ತದೆ. ಆಯುಸ್ಸು ಹೆಚ್ಚಲ್ಲ. 75-80 ವರ್ಷಕ್ಕೆ ಮುಪ್ಪು ಬಂದುಬಿಡುತ್ತದೆ. ನೆರಳು ಸ್ವಲ್ಪವೂ ಆಗದು. ತಲೆಯ ಮೇಲೆ ಬಿಸಿಲು ಬೀಳದಿದ್ದರೆ ಸಸಿ ಮೇಲೇಳುವುದೇ ಇಲ್ಲ. ಅಕ್ರೋಟು ಜಾತಿಯ ಇತರ ಮರಗಳಂತೆ ಇದರ ಬೇರಿನಿಂದಲೂ ಜಗ್ಲೋನ್ ಎಂಬ ಪದಾರ್ಥ ಮಣ್ಣಿಗೆ ಸೇರುತ್ತದೆ. ಆದ್ದರಿಂದ ಬುಡದ ಸುತ್ತ ಟೊಮೇಟೊ, ಆಲೂಗಡ್ಡೆ ಮುಂತಾದ ಕೆಲವು ಗಿಡಗಳು ಬಾಡಿಹೋಗುತ್ತವೆ.

ಕಾಯಿಯ ಉಪಯೋಗಗಳು

ಕಾಯಿ ಉದ್ದುದ್ದವಾಗಿದ್ದು ನಿಂಬೆಹಣ್ಣನ್ನು ಎಳೆದು ಚೂಪು ಮಾಡಿದಂತೆ ಕಾಣುತ್ತದೆ. ಹೊರಸಿಪ್ಪೆಯ ಮೇಲೆ ಅಂಟು ಅಂಟಾದ ರೋಮಗಳಿವೆ. ಒಳಗಿನ ಚಿಪ್ಪು ಬಲು ಗಟ್ಟಿ, ಮೇಲ್ಮೈ ಏರುತಗ್ಗಿನ ಗೀರುಗಳಿಂದ ಒರಟಾಗಿರುತ್ತದೆ. ಒಡೆಯಲು ಸುತ್ತಿಗೆಯೇ ಬೇಕು. ತಿರುಳಿನಲ್ಲಿ ಎಣ್ಣೆಯ ಅಂಶ ಬಹಳ. ಬಾಯಿಗೆ ಹಾಕಿದರೆ ಬೆಣ್ಣೆಯ ರುಚಿ. ಹೆಸರಿನಲ್ಲಿ ಬೆಣ್ಣೆ ಸೇರಿಕೊಂಡಿರುವುದು ಆ ಕಾರಣದಿಂದಲೇ. ಅಲ್ಲಿನ ಮೂಲನಿವಾಸಿಗಳು ಕಾಯಿಯನ್ನು ಜಜ್ಜಿ ನೀರಿನಲ್ಲಿ ಕುದಿಸಿ, ಮೇಲೆ ತೇಲುವ ಎಣ್ಣೆಯನ್ನು ತೆಗೆದು ಅಡುಗೆಗೆ ಬಳಸುತ್ತಿದ್ದರು. ವಸಂತದ ಆರಂಭದಲ್ಲಿ ಕಾಂಡಕ್ಕೆ ತೂತು ಕೊರೆದು ಸಿಹಿ ರಸ ಇಳಿಸಿ, ಮೇಪಲ್ ಮರದ ರಸದಂತೆ ಕಾಸಿ ಪಾಕ ಮಾಡುವ ಪದ್ಧತಿಯೂ ಇತ್ತು.

ಮಿಡಿ ಉಪ್ಪಿನಕಾಯಿಯ ರುಚಿ ಬಲ್ಲ ನಮ್ಮವರಿಗೆ ಇನ್ನೊಂದು ಸಂಗತಿ ಹಿಡಿಸೀತು. ಯುರೋಪಿನಿಂದ ಬಂದು ನೆಲೆಸಿದ ರೈತರ ಮನೆಗಳಲ್ಲಿ ಚಿಪ್ಪು ಬಲಿಯುವ ಮೊದಲೇ ಎಳೆ ಕಾಯಿಗಳನ್ನು ಕೊಯ್ದು, ಮೇಲಿನ ರೋಮ ಉಜ್ಜಿ ತೆಗೆದು, ಇಡೀ ಕಾಯಿಯನ್ನೇ ಉಪ್ಪಿನಕಾಯಿ ಹಾಕುತ್ತಿದ್ದರು. ಸೂಜಿ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗಬೇಕು, ಹೋಗದಿದ್ದರೆ ಕಾಯಿ ಬಲಿತಿದೆ ಎಂದು ಲೆಕ್ಕ.

ಕಾಯಿಯ ಸಿಪ್ಪೆ ಮತ್ತು ತೊಗಟೆಯಿಂದ ಕಂದು ಬಣ್ಣ ಸಿಗುತ್ತದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಸೈನಿಕರಿಗೆ ಸರಿಯಾದ ಸಮವಸ್ತ್ರದ ಬಟ್ಟೆ ಸಿಗದಾದಾಗ, ಮನೆಯಲ್ಲೇ ನೇಯ್ದ ಬಟ್ಟೆಯನ್ನು ಬಟರ್‌ನಟ್ ಮತ್ತು ಅಕ್ರೋಟಿನ ಸಿಪ್ಪೆಯಲ್ಲಿ ಅದ್ದಿ ತೊಟ್ಟರು. ಅದರಿಂದಾಗಿ ಆ ಸೈನಿಕರಿಗೇ ಬಟರ್‌ನಟ್ಟುಗಳು ಎಂಬ ಅಡ್ಡಹೆಸರು ಬಿತ್ತು.

ಇದಕ್ಕಿಂತಲೂ ಹಳೆಯ ಸಾಕ್ಷ್ಯವೊಂದಿದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಉತ್ತರ ತುದಿಯಲ್ಲಿ ಲಾನ್ಸ್ ಓ ಮೆಡೋಸ್ ಎಂಬ ಸ್ಥಳವಿದೆ. ಸಾವಿರ ವರ್ಷದ ಹಿಂದೆ ಗ್ರೀನ್‌ಲ್ಯಾಂಡಿನಿಂದ ಹಡಗಿನಲ್ಲಿ ಬಂದ ನಾರ್ಸ್ ಜನ ಅಲ್ಲಿ ಬೀಡುಬಿಟ್ಟಿದ್ದರು. ಅವರು ಕಬ್ಬಿಣದ ಆಯುಧದಿಂದ ಕಡಿದ ಮರದ ತುಂಡುಗಳನ್ನು ಪರೀಕ್ಷಿಸಿ, ಕಡಿದದ್ದು 1021ನೇ ಇಸವಿಯಲ್ಲಿ ಎಂದು ವಿಜ್ಞಾನಿಗಳು 2021ರಲ್ಲಿ ತಿಳಿಸಿದರು. ಅಲ್ಲಿನ ಉತ್ಖನನದಲ್ಲಿ ಮೂರು ಬಟರ್‌ನಟ್ ಕಾಯಿಗಳೂ ಆ ಮರದ ಒಂದು ಗಂಟೂ ಸಿಕ್ಕಿವೆ. ಆ ದ್ವೀಪದಲ್ಲಿ ಬಟರ್‌ನಟ್ ಬೆಳೆಯುವುದಿಲ್ಲ. ಬೆಳೆಯುವ ಹತ್ತಿರದ ಜಾಗವೇ ಬಹು ದೂರ ದಕ್ಷಿಣಕ್ಕಿದೆ. ಹಾಗಾದರೆ ಆ ನಾವಿಕರು ಅಲ್ಲಿಯವರೆಗೂ ಹೋಗಿ ಬಂದಿದ್ದರೆಂದು ಪಂಡಿತರು ಈ ಮೂರು ಕಾಯಿಗಳ ಬಲದ ಮೇಲೆ ತೀರ್ಮಾನಿಸಿದ್ದಾರೆ.

ಹಗುರ ಮರ, ನುಣುಪು ಹಲಗೆ

ಮೋಪಿನ ವಿಚಾರಕ್ಕೆ ಬರೋಣ. ಒಣಗಿದ ಬಟರ್‌ನಟ್ ಮರ ಒಂದು ಘನ ಅಡಿಗೆ ಸುಮಾರು 12 ಕೆ.ಜಿ. ತೂಗುತ್ತದೆ. ಕಪ್ಪು ಅಕ್ರೋಟು ಸುಮಾರು 17 ಕೆ.ಜಿ. ನಮ್ಮ ಸಾಗುವಾನಿ ಅದಕ್ಕಿಂತ ತುಸು ಹೆಚ್ಚು. ಬಟರ್‌ನಟ್ ಎಷ್ಟು ಹಗುರ, ಎಷ್ಟು ಮೃದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ತೊಲೆಗೂ ಕಂಬಕ್ಕೂ ಇದು ಬಾರದು. ಮಣ್ಣಿಗೆ ತಾಗಿದರೆ ಬೇಗ ಕುಂಬಾಗುತ್ತದೆ. ಆದರೆ ಒಣಗುವಾಗ ಹೆಚ್ಚು ಸೊಟ್ಟಗಾಗುವುದಿಲ್ಲ. ಉಳಿಗೆ ಸಲೀಸಾಗಿ ಬಗ್ಗುತ್ತದೆ. ಕೀಸುಳಿ ಹೊಡೆದು ಮೆರುಗು ಕೊಟ್ಟರೆ ರೇಷ್ಮೆಯಂತಹ ಹೊಳಪು ಬರುತ್ತದೆ. ಎಳೆಯ ವಿನ್ಯಾಸ ಕಪ್ಪು ಅಕ್ರೋಟಿನದೇ, ಬಣ್ಣ ಮಾತ್ರ ತಿಳಿ. ಆದ್ದರಿಂದ ಕೆತ್ತನೆ ಕೆಲಸಕ್ಕೆ, ಪೀಠೋಪಕರಣಕ್ಕೆ, ಒಳಗೋಡೆಗೆ ಹೊದಿಸುವ ಹಲಗೆಗೆ ಇದನ್ನು ಬಹಳವಾಗಿ ಮೆಚ್ಚುತ್ತಿದ್ದರು.

ಕಾಡಿನಲ್ಲಿ ಮೊದಲೇ ವಿರಳವಾದ ಮರವಾದ್ದರಿಂದ ದೊಡ್ಡ ಪ್ರಮಾಣದ ವ್ಯಾಪಾರ ಇದಕ್ಕೆ ಎಂದೂ ಇರಲಿಲ್ಲ. ರೈತನ ಬೇಲಿಯಂಚಿನಲ್ಲಿ ನಿಂತು, ವರ್ಷ ಬಿಟ್ಟು ವರ್ಷ ಕಾಯಿ ಕೊಟ್ಟು, ಮುಪ್ಪಾದಾಗ ಕೆಲವು ದಿಮ್ಮಿಗಳನ್ನು ಕೊಟ್ಟು ಹೋಗುವ ಮನೆಮರ ಇದು. ನಮ್ಮ ಹಿತ್ತಿಲ ಹಲಸಿನ ಹಾಗೆ ಎಂದರೆ ಹೆಚ್ಚು ತಪ್ಪಾಗದು.

1967ರ ಹುಣ್ಣು

1967ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಭಾಗದಲ್ಲಿ ಬಟರ್‌ನಟ್ ಮರಗಳ ಕಾಂಡದ ಮೇಲೆ ವಿಚಿತ್ರವಾದ ಹುಣ್ಣುಗಳು ಕಂಡವು. ವಸಂತದಲ್ಲಿ ತೊಗಟೆಯ ಬಿರುಕಿನಿಂದ ಕಪ್ಪು ದ್ರವ ಜಿನುಗುತ್ತಿತ್ತು. ಬೇಸಿಗೆಯಲ್ಲಿ ಅದು ಒಣಗಿ ಮಸಿ ಬಳಿದಂತೆ ಕಾಣುತ್ತಿತ್ತು. ತೊಗಟೆ ಕೆತ್ತಿ ನೋಡಿದರೆ ಒಳಗೆ ಉದ್ದನೆಯ ಕಪ್ಪು ಮಚ್ಚೆ. ಒಂದೇ ಮರದಲ್ಲಿ ಇಂಥ ಹುಣ್ಣು ಹತ್ತಾರು ಆಗಿ, ಒಂದಕ್ಕೊಂದು ಕೂಡಿಕೊಂಡು ಕಾಂಡವನ್ನು ಸುತ್ತುವರಿದಾಗ, ಬಳೆಯಂತೆ ತೊಗಟೆ ಸುಲಿದಂತಾಗಿ ಮರ ಸಾಯುತ್ತಿತ್ತು.

ಇದು ಒಂದು ಶಿಲೀಂಧ್ರದ ಕೆಲಸ ಎಂದು ನಾಯರ್, ಕೊಸ್ಟಿಚ್ಕಾ, ಕುಂಟ್ಸ್ ಎಂಬ ಮೂವರು ವಿಜ್ಞಾನಿಗಳು 1979ರಲ್ಲಿ ಗುರುತಿಸಿ ಅದಕ್ಕೆ ಹೆಸರಿಟ್ಟರು. ಅದುವರೆಗೆ ವಿಜ್ಞಾನಕ್ಕೆ ಗೊತ್ತಿಲ್ಲದ ಹೊಸ ಶಿಲೀಂಧ್ರ. ಹೊರದೇಶದಿಂದ ಬಂದು ಸೇರಿಕೊಂಡಿರಬೇಕೆಂಬುದು ತಜ್ಞರ ಅಭಿಪ್ರಾಯ.

ಅದು ಹರಡುವ ಬಗೆ ಕೊಳೆರೋಗವನ್ನು ಕಂಡ ಅಡಿಕೆ ಬೆಳೆಗಾರರಿಗೆ ಬೇಗ ಅರ್ಥವಾಗುತ್ತದೆ. ಮಳೆ ಬಿದ್ದಾಗ ಹುಣ್ಣಿನ ಮೇಲಿನ ಬೀಜಾಣುಗಳು ಹನಿಯ ಜೊತೆ ಸಿಡಿದು ಗಾಳಿಯಲ್ಲಿ ತೇಲುತ್ತವೆ. ಉದುರಿದ ಎಲೆಯ ತೊಟ್ಟಿನ ಗುರುತು, ಮೊಗ್ಗು, ತೊಗಟೆಯ ಗಾಯ, ಇವೇ ಒಳಹೋಗುವ ದಾರಿ. ಮೊದಲು ಮೇಲಿನ ಕೊಂಬೆಗಳಿಗೆ ತಗಲುತ್ತದೆ. ಅಲ್ಲಿಂದ ಮಳೆನೀರಿನ ಜೊತೆ ಕಾಂಡಕ್ಕಿಳಿದು ಬುಡದವರೆಗೂ ಬರುತ್ತದೆ. ಸತ್ತ ಮರದ ಮೇಲೂ ಶಿಲೀಂಧ್ರ ಬಹಳ ತಿಂಗಳು ಬದುಕಿರುತ್ತದೆ. ಕಾಯಿಗೂ ತಗಲುವುದರಿಂದ ಬಿತ್ತನೆಯ ಜೊತೆ ದೂರದೂರಿಗೂ ಪ್ರಯಾಣ ಮಾಡಬಲ್ಲದು. ಎಳೆಯ ಸಸಿಯಿಂದ ಮುದಿ ಮರದವರೆಗೆ ಯಾವುದನ್ನೂ ಬಿಡುವುದಿಲ್ಲ. ರೋಗದಿಂದ ಸತ್ತ ಮರದ ಬುಡದಲ್ಲಿ ಚಿಗುರು ಬರುವುದೂ ಅಪರೂಪ.

1990ರ ದಶಕದ ಆರಂಭದಲ್ಲಿ ವಿಸ್ಕಾನ್ಸಿನ್ನಿನಲ್ಲಿ ಎಣಿಸಿ ನೋಡಿದಾಗ ಜೀವಂತವಿದ್ದ ಬಟರ್‌ನಟ್ ಮರಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೆ ರೋಗ ತಗಲಿತ್ತು. 1990ರಲ್ಲಿ ಕ್ವಿಬೆಕ್‌ನಲ್ಲಿ, 1991ರಲ್ಲಿ ಒಂಟಾರಿಯೊದಲ್ಲಿ, 1997ರಲ್ಲಿ ನ್ಯೂ ಬ್ರನ್ಸ್‌ವಿಕ್‌ನಲ್ಲಿ ರೋಗ ಕಾಣಿಸಿತು. ಅಂದರೆ ಮರವಿದ್ದ ಎಲ್ಲ ಸೀಮೆಯನ್ನೂ ಮೂವತ್ತು ವರ್ಷದೊಳಗೆ ಅದು ಮುಟ್ಟಿತು. ಕೆನಡಾದ ತಜ್ಞರ ಸಮಿತಿ 2003ರಲ್ಲಿ ಬಟರ್‌ನಟ್ಟನ್ನು ಅಳಿವಿನಂಚಿನ ಮರವೆಂದು ಘೋಷಿಸಿತು. 2005ರಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕಾನೂನಿನ ಪಟ್ಟಿಗೂ ಅದು ಸೇರಿತು. ಔಷಧ ಸಿಂಪಡಿಸಿ ಕಾಡಿನ ಮರಗಳನ್ನು ಉಳಿಸುವ ಉಪಾಯ ಯಾವುದೂ ಸಿಕ್ಕಲಿಲ್ಲ.

ಕೊಡಲಿ ಮಾಡಿದ ತಪ್ಪು

ರೋಗದ ಸುದ್ದಿ ಹರಡಿದಂತೆ ಮರದ ಮಾಲೀಕರು ಮಾಡಿದ್ದೇನು? ಸಾಯುವ ಮೊದಲೇ ಮಾರಿಬಿಡುವುದು ಲೇಸೆಂದು ಕಡಿಸಿದರು. ರೋಗ ಬಂದ ಮರದ ಜೊತೆಗೆ ಬಾರದ ಮರವೂ ಹೋಯಿತು. ಬಿಳಿ ಹಲಗೆಗೆ ಗಿರಾಕಿಗಳಿದ್ದೇ ಇದ್ದರು. ಲೆಕ್ಕದಲ್ಲಿ ಮಾಲೀಕನಿಗೆ ನಷ್ಟವೇನೂ ಕಾಣಲಿಲ್ಲ.

ನಷ್ಟ ಎಲ್ಲಿತ್ತೆಂದರೆ, ರೋಗ ಬಾರದ ಮರ ಯಾಕೆ ರೋಗ ಬಾರದೆ ನಿಂತಿತ್ತು ಎಂದು ಯಾರೂ ಕೇಳದಿದ್ದುದರಲ್ಲಿ. ಸುತ್ತಲಿನ ಹತ್ತು ಮರ ಒಣಗಿ ನಿಂತಾಗ ನಡುವೆ ಒಂದು ಹಸಿರಾಗಿದ್ದರೆ ಅದಕ್ಕೆ ಎರಡೇ ಕಾರಣ. ಒಂದೋ ಅದರ ಅದೃಷ್ಟ, ರೋಗ ಇನ್ನೂ ಅದರ ಬಳಿಗೆ ಬಂದಿಲ್ಲ. ಇಲ್ಲವೇ ಅದರ ಹುಟ್ಟುಗುಣದಲ್ಲೇ ತಡೆದುಕೊಳ್ಳುವ ಶಕ್ತಿಯಿದೆ. ಎರಡರಲ್ಲಿ ಯಾವುದೆಂದು ಮರವನ್ನು ಉಳಿಸಿಕೊಂಡು ಕಾದು ನೋಡಿದರೆ ಮಾತ್ರ ತಿಳಿಯುತ್ತದೆ. ಕಡಿದುಹಾಕಿದರೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ.

ಅಮೆರಿಕದವರಿಗೆ ಈ ಪಾಠ ಹೊಸದಾಗಿರಬೇಕಿರಲಿಲ್ಲ. 1904ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಚೆಸ್ಟ್‌ನಟ್ ಎಂಬ ಮತ್ತೊಂದು ಕಾಯಿಮರಕ್ಕೆ ಹೊರದೇಶದ ಶಿಲೀಂಧ್ರ ತಗಲಿದ್ದು ಕಂಡುಬಂತು. ಐವತ್ತು ವರ್ಷಗಳೊಳಗೆ ಕೋಟಿಗಟ್ಟಲೆ ಮರಗಳು ನಾಶವಾದವು. ಆಗಲೂ ಹೇಗೂ ಸಾಯುತ್ತವೆಂಬ ಲೆಕ್ಕದಲ್ಲಿ ಹಸಿರಾಗಿದ್ದ ಮರಗಳನ್ನು ಮುಂಚಿತವಾಗಿ ಕಡಿದು ಮಾರಿದ್ದರು.

ಬಟರ್‌ನಟ್ಟಿನ ವಿಷಯದಲ್ಲಿ ತಡವಾಗಿಯಾದರೂ ಎಚ್ಚರವಾಯಿತು. ಮಿನ್ನೆಸೋಟ ರಾಜ್ಯ 1992ರಲ್ಲಿ ತನ್ನ ಸರ್ಕಾರಿ ಭೂಮಿಯಲ್ಲಿರುವ ಆರೋಗ್ಯವಂತ ಬಟರ್‌ನಟ್ ಕಡಿಯುವುದನ್ನು ನಿಲ್ಲಿಸಿತು. ಅಲ್ಲಿನ ಸೇಂಟ್ ಪಾಲ್ ನಗರದಲ್ಲಿದ್ದ ಅರಣ್ಯ ಸೇವೆಯ ರೋಗತಜ್ಞ ಮೈಕೇಲ್ ಆಸ್ಟ್ರಿ ಮತ್ತು ಸಂಗಡಿಗರು ಮಾಲೀಕರಿಗಾಗಿ ಒಂದು ಸುಲಭ ನಿಯಮವನ್ನೇ ಬರೆದುಕೊಟ್ಟರು. ಅದರ ಸಾರ ಹೀಗಿದೆ:

ಮರದ ನೆತ್ತಿಯಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಭಾಗ ಹಸಿರಾಗಿದ್ದು, ಕಾಂಡ ಮತ್ತು ಬುಡದ ಸುತ್ತಳತೆಯಲ್ಲಿ ಹುಣ್ಣು ನೂರಕ್ಕೆ 20ಕ್ಕಿಂತ ಕಡಿಮೆ ಇದ್ದರೆ ಅಂಥ ಮರವನ್ನು ಉಳಿಸಿಕೊಳ್ಳಿ. ನೆತ್ತಿಯಲ್ಲಿ ಅರ್ಧದಷ್ಟು ಮಾತ್ರ ಹಸಿರಿದ್ದರೂ ಹುಣ್ಣೇ ಇಲ್ಲದಿದ್ದರೆ ಅದನ್ನೂ ಉಳಿಸಿಕೊಳ್ಳಿ. ಸತ್ತದ್ದು, ಸಾಯುತ್ತಿರುವುದು ಇವನ್ನು ಕಡಿದು ಮೋಪು ಮಾಡಿಕೊಳ್ಳಲು ಅಡ್ಡಿಯಿಲ್ಲ.

ಈ ನಿಯಮದಲ್ಲಿ ನಮಗೆ ಮೆಚ್ಚುಗೆಯಾದದ್ದು ಒಂದು ವಿಷಯ. ಕಡಿಯಲೇಬೇಡಿ ಎಂದು ಅದು ರೈತನ ಕೈ ಕಟ್ಟಿಹಾಕಲಿಲ್ಲ. ಎಲ್ಲವನ್ನೂ ಕಡಿಯಿರಿ ಎಂದೂ ಹೇಳಲಿಲ್ಲ. ಮರದ ಬುಡಕ್ಕೆ ಹೋಗಿ, ತಲೆಯೆತ್ತಿ ನೆತ್ತಿ ನೋಡಿ, ಸುತ್ತು ಬಂದು ಹುಣ್ಣು ಎಣಿಸಿ, ಆಮೇಲೆ ನಿರ್ಧರಿಸಿ ಎಂದಿತು. ಓದುಬರಹ ಕಡಿಮೆಯಿದ್ದ ರೈತನೂ ಮಾಡಬಹುದಾದ ಕೆಲಸವದು.

ಬೆರಕೆ ಮರದ ತೊಡಕು

ಉಳಿದ ಮರಗಳನ್ನು ಹುಡುಕಲು ಹೊರಟಾಗ ಇನ್ನೊಂದು ತೊಡಕು ಎದುರಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜಪಾನಿನ ಅಕ್ರೋಟನ್ನು ಅಮೆರಿಕಕ್ಕೆ ತಂದು ಹಿತ್ತಿಲುಗಳಲ್ಲಿ ನೆಟ್ಟಿದ್ದರು. ಅದು ಬಟರ್‌ನಟ್ಟಿನೊಡನೆ ಸುಲಭವಾಗಿ ಬೆರೆಯುತ್ತದೆ. ಹಾಗೆ ಹುಟ್ಟಿದ ಬೆರಕೆ ಮರಗಳು ಹುಲುಸಾಗಿ ಬೆಳೆದು ಗೊಂಚಲು ಗೊಂಚಲಾಗಿ ಕಾಯಿ ಬಿಡುತ್ತವೆ. ಅವುಗಳಲ್ಲಿ ಹುಣ್ಣಿನ ರೋಗವನ್ನು ತಡೆದುಕೊಳ್ಳುವ ಶಕ್ತಿಯೂ ಹೆಚ್ಚು. ಜನ ಬಟರ್‌ನಟ್ ಎಂದೇ ತಿಳಿದು ಅವುಗಳ ಬೀಜ ಹಂಚಿಕೊಂಡರು, ನೆಟ್ಟರು. ಆದ್ದರಿಂದ ರೋಗ ಬಾರದೆ ನಿಂತ ಚೆಂದದ ಮರ ಎಂದು ಹುಡುಕಿದ್ದರಲ್ಲಿ ಅನೇಕವು ಅಪ್ಪಟ ಬಟರ್‌ನಟ್ ಅಲ್ಲವೆಂದು ಆಮೇಲೆ ಗೊತ್ತಾಯಿತು. ಕಡ್ಡಿಯನ್ನು ಸೀಳಿ ಒಳಗಿನ ತಿರುಳಿನ ಬಣ್ಣ ನೋಡುವುದು, ಎಲೆ ಉದುರಿದ ಗುರುತಿನ ಆಕಾರ ನೋಡುವುದು ಮುಂತಾದ ಪರೀಕ್ಷೆಗಳಿವೆ. ಕೊನೆಯ ಮಾತು ಪ್ರಯೋಗಶಾಲೆಯ ವಂಶವಾಹಿ ಪರೀಕ್ಷೆಯದೇ.

ಅಪ್ಪಟ ಮರಗಳು ಕಡಿಮೆಯಾದಷ್ಟೂ ಬೆರಕೆ ಹೆಚ್ಚುತ್ತದೆ. ಕಾರಣವಿಷ್ಟೆ. ಒಂದೇ ಬಟರ್‌ನಟ್ ಮರದಲ್ಲಿ ಗಂಡು ಹೂವೂ ಹೆಣ್ಣು ಹೂವೂ ಸಾಮಾನ್ಯವಾಗಿ ಒಂದೇ ಸಮಯಕ್ಕೆ ಅರಳುವುದಿಲ್ಲ. ಪರಾಗಕ್ಕೆ ಇನ್ನೊಂದು ಮರ ಬೇಕು. ನೆರೆಯ ಬಟರ್‌ನಟ್ಟುಗಳನ್ನೆಲ್ಲ ಕಡಿದ ಮೇಲೆ ಉಳಿದ ಒಂಟಿ ಮರಕ್ಕೆ ಸಿಗುವುದು ಹಿತ್ತಿಲ ಜಪಾನಿ ಅಕ್ರೋಟಿನ ಪರಾಗ. ಕೊಡಲಿಯ ತಪ್ಪು ಮುಂದಿನ ತಲೆಮಾರಿನ ಬೀಜದಲ್ಲೂ ಹೀಗೆ ಕಾಣಿಸಿಕೊಳ್ಳುತ್ತದೆ.

ಬೆರಕೆಯನ್ನು ಪೂರ್ತಿ ತಳ್ಳಿಹಾಕಬೇಕೆಂದು ನಾವು ಹೇಳುತ್ತಿಲ್ಲ. ಅದರ ತಾಳಿಕೆಯ ಗುಣವನ್ನು ಎಚ್ಚರಿಕೆಯಿಂದ ಮೂಲ ಮರಕ್ಕೆ ತರಬಹುದೆಂದು ಅಲ್ಲಿನ ತಜ್ಞರೇ ಕೆಲವರು ವಾದಿಸುತ್ತಾರೆ. ಮೂಲ ಯಾವುದು, ಬೆರಕೆ ಯಾವುದು ಎಂಬ ದಾಖಲೆ ಇರಬೇಕು, ಅಷ್ಟೆ.

ಈಗ ನಡೆಯುತ್ತಿರುವ ಕೆಲಸ

ಬಟರ್‌ನಟ್ ಬೀಜವನ್ನು ಭತ್ತದಂತೆ ಒಣಗಿಸಿ ದೀರ್ಘಕಾಲ ಕಣಜದಲ್ಲಿಡಲು ಬಾರದು. ಕಾಫಿ ಬೀಜದ ಮೊಳೆಯುವ ಶಕ್ತಿ ಎಷ್ಟು ಬೇಗ ಕುಂದುತ್ತದೆಂದು ಬಲ್ಲವರಿಗೆ ಈ ಕಷ್ಟ ಗೊತ್ತು. ಆದ್ದರಿಂದ ಉಳಿದ ಒಳ್ಳೆಯ ಮರಗಳ ಕಸಿಕಡ್ಡಿ ತಂದು ಕಪ್ಪು ಅಕ್ರೋಟಿನ ಬುಡಗಿಡದ ಮೇಲೆ ಕಸಿ ಮಾಡಿ, ಒಂದೆಡೆ ಸಂಗ್ರಹ ತೋಟ ಬೆಳೆಸುವುದೇ ಮುಖ್ಯ ದಾರಿಯಾಗಿದೆ. ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯ ಮತ್ತು ಅಲ್ಲಿನ ಅರಣ್ಯ ಸೇವೆ ಕೂಡಿ 1998ರಲ್ಲಿ ಆರಂಭಿಸಿದ ಮರತಳಿ ಸುಧಾರಣಾ ಕೇಂದ್ರ ಈ ಕೆಲಸದಲ್ಲಿ ತೊಡಗಿಕೊಂಡಿದೆ. ಸಸಿ ಫಲಕ್ಕೆ ಬರಲು ಸುಮಾರು 20 ವರ್ಷ ಬೇಕು. ಹಾಗಾಗಿ ಇದು ಒಬ್ಬ ವಿಜ್ಞಾನಿಯ ಸೇವಾವಧಿಯಲ್ಲಿ ಮುಗಿಯುವ ಕೆಲಸವಲ್ಲ. 1970ರಲ್ಲಿ ಉಳಿಸಿಕೊಳ್ಳಬಹುದಾಗಿದ್ದ ಮರಗಳು ಇದ್ದಿದ್ದರೆ ಇಂದಿಗೆ ಅವುಗಳ ಎರಡನೆಯ ತಲೆಮಾರು ಕಾಯಿ ಬಿಡುತ್ತಿತ್ತು.

ನಮ್ಮ ತೋಟಕ್ಕೆ ಇದರ ಅನ್ವಯ

ಇಷ್ಟು ದೂರದ ಕತೆ ನಮಗೇಕೆ ಎಂದು ಕೇಳುವವರಿಗೆ ನಮ್ಮದೇ ಕಾಫಿಯ ಇತಿಹಾಸವನ್ನು ನೆನಪಿಸಲು ಇಚ್ಛಿಸುತ್ತೇವೆ. ಎಲೆ ತುಕ್ಕು ರೋಗ 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ನಮ್ಮ ತೋಟಗಳಿಗೂ ಬಂದು ಬೆಳೆಗಾರರನ್ನು ಕಂಗೆಡಿಸಿತು. 1911ರಲ್ಲಿ ಮೈಸೂರು ಸೀಮೆಯ ತೋಟಗಾರ ಎಲ್. ಪಿ. ಕೆಂಟ್ ಎಂಬವರು ತಮ್ಮ ತೋಟದಲ್ಲಿ ತುಕ್ಕು ತಗಲದೆ ನಿಂತಿದ್ದ ಗಿಡವನ್ನು ಗಮನಿಸಿ, ಅದರ ಬೀಜವನ್ನು ಬೇರೆಯಾಗಿ ಬೆಳೆಸಿದರು. ಕೆಂಟ್ಸ್ ಎಂಬ ತಳಿ ಹುಟ್ಟಿದ್ದು ಹೀಗೆ. ಅದನ್ನು ಗುರುತಿಸಿದ್ದು ಪ್ರಯೋಗಶಾಲೆಯಲ್ಲ, ತೋಟ ಸುತ್ತುವ ಬೆಳೆಗಾರನ ಕಣ್ಣು.

ಕೆಂಟ್ಸ್ ಕೂಡ ಶಾಶ್ವತ ಪರಿಹಾರವಾಗಲಿಲ್ಲ ಎಂಬುದನ್ನೂ ಹೇಳಬೇಕು. ತುಕ್ಕಿನ ಶಿಲೀಂಧ್ರದಲ್ಲೇ ಬೇರೆ ಬೇರೆ ಬಗೆಗಳಿವೆ ಎಂದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿದ್ದ ಮೇನ್ ಅವರು 1932ರಲ್ಲಿ ತೋರಿಸಿಕೊಟ್ಟರು. ಹೊಸ ಬಗೆಗೆ ಕೆಂಟ್ಸ್ ಸೋತಿತು. ಆದರೂ ಅದು ವ್ಯರ್ಥವಾಗಲಿಲ್ಲ. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿಯೇ ಬೆರೆತು ಹುಟ್ಟಿದ ವಂಶದ ಎಸ್. 288ರೊಡನೆ ಕೆಂಟ್ಸನ್ನು ಸೇರಿಸಿ ಪಡೆದದ್ದೇ 1940ರ ದಶಕದಲ್ಲಿ ಬಿಡುಗಡೆಯಾದ ಎಸ್. 795. ಅದನ್ನು ಬೆಳೆಯದ ಅರೇಬಿಕಾ ಬೆಳೆಗಾರ ನಮ್ಮಲ್ಲಿ ವಿರಳ. 1911ರಲ್ಲಿ ಆ ಗಿಡವನ್ನು ಇತರ ಗಿಡಗಳ ಜೊತೆ ಕಿತ್ತೆಸೆದಿದ್ದರೆ ಈ ಸರಪಳಿಯ ಒಂದು ಕೊಂಡಿ ಇರುತ್ತಲೇ ಇರಲಿಲ್ಲ.

ಅಡಿಕೆಯ ಹಳದಿ ಎಲೆ ರೋಗದ ವಿಷಯದಲ್ಲೂ ಇದೇ ದಾರಿ ಹಿಡಿಯಲಾಗಿದೆ. ರೋಗ ತೀವ್ರವಾಗಿರುವ ತೋಟಗಳಲ್ಲೇ ವರ್ಷಗಟ್ಟಲೆ ರೋಗ ತಗಲದೆ ನಿಂತ ಮರಗಳನ್ನು ವಿಟ್ಲದ ಸಂಶೋಧನಾ ಕೇಂದ್ರದವರು ಗುರುತಿಸಿ, ಅವುಗಳನ್ನೇ ಪರಸ್ಪರ ಪರಾಗಸ್ಪರ್ಶ ಮಾಡಿಸಿ ಸಸಿ ಪಡೆಯುವ ಕೆಲಸ ಕೈಗೊಂಡಿದ್ದಾರೆ. ಎಳೆಯ ಹಿಂಗಾರದಿಂದ ಅಂಗಾಂಶ ಕೃಷಿಯ ಮೂಲಕ ಸಸಿ ಮಾಡುವ ವಿಧಾನವನ್ನೂ ರೂಪಿಸಿದ್ದಾರೆ. ಅಡಿಕೆಗೆ ಕಸಿ ಬಾರದು. ಪರಪರಾಗದ ಮರವಾದ್ದರಿಂದ ಬರೀ ಗೋಟು ಆರಿಸಿದರೆ ತಾಯಿಯ ಗುಣ ಪೂರ್ತಿ ಬರುತ್ತದೆಂಬ ಖಾತರಿಯಿಲ್ಲ. ಆದ್ದರಿಂದ ಇಂಥ ಮರ ಜೀವಂತವಾಗಿ ನಿಂತಿರುವುದೇ ಎಲ್ಲಕ್ಕೂ ಆಧಾರ.

ಒಂದು ಎಚ್ಚರಿಕೆ. ಉಳಿಸಿ ಎಂಬ ಮಾತನ್ನು ತಪ್ಪು ತಿಳಿಯಬಾರದು. ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡವನ್ನು ಕಿತ್ತು ಸುಡಲೇಬೇಕು. ಕೊಳೆ ಬಂದ ಗೊನೆಯನ್ನು ತೋಟದಲ್ಲಿ ಬಿಡಬಾರದು. ರೋಗಿಷ್ಠವನ್ನು ತೆಗೆಯುವುದು ಒಂದು ಕೆಲಸ, ಆರೋಗ್ಯವಂತವನ್ನು ಗುರುತಿಸಿ ಕಾಯುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡುವ ಭರದಲ್ಲಿ ಎರಡನೆಯದು ಮರೆತುಹೋಗುತ್ತದೆ ಎಂಬುದಷ್ಟೇ ನಮ್ಮ ಮಾತು.

ಆದ್ದರಿಂದ ಹಳದಿ ಎಲೆ ರೋಗವೋ ಎಲೆಚುಕ್ಕಿ ರೋಗವೋ ತೋಟಕ್ಕೆ ಬಂದಿರುವ ಸದಸ್ಯರು ಈ ಕೆಳಗಿನಂತೆ ಮಾಡಬೇಕೆಂದು ಕೋರುತ್ತೇವೆ.

ಒಂದನೆಯದಾಗಿ, ತೋಟ ತೆಗೆಸುವ ಅಥವಾ ಮರ ಕಡಿಸುವ ಮೊದಲು ಸಾಲು ಸಾಲಾಗಿ ಒಮ್ಮೆ ನಡೆದು ನೋಡಿ. ಸುತ್ತ ರೋಗವಿದ್ದೂ ನಡುವೆ ಹಸಿರಾಗಿರುವ ಮರಕ್ಕೆ ಸುಣ್ಣದ ಪಟ್ಟಿ ಬಳಿಯಿರಿ. ಕೆಲಸದವರಿಗೂ ಆ ಪಟ್ಟಿಯ ಅರ್ಥ ತಿಳಿಸಿ.

ಎರಡನೆಯದಾಗಿ, ಯಾವ ವರ್ಷ ಸುತ್ತಲಿನ ಮರಗಳಿಗೆ ರೋಗ ಬಂತು, ಈ ಮರ ಹೇಗಿತ್ತು, ಎಷ್ಟು ಗೊನೆ ಬಿಟ್ಟಿತು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಒಂದು ವರ್ಷದ ಹಸಿರನ್ನು ನಂಬಬೇಡಿ. ಕಡಿಮೆಯೆಂದರೆ ನಾಲ್ಕೈದು ವರ್ಷ ನೋಡಿ.

ಮೂರನೆಯದಾಗಿ, ಸಸಿ ಎಲ್ಲಿಂದ ತಂದದ್ದು, ಯಾವ ತಳಿ ಎಂಬುದನ್ನೂ ಅದರಲ್ಲೇ ನಮೂದಿಸಿ. ಬಟರ್‌ನಟ್ಟಿಗೆ ಬಂದ ಬೆರಕೆಯ ಗೊಂದಲ ನಮಗೆ ಬರುವುದು ಬೇಡ.

ನಾಲ್ಕನೆಯದಾಗಿ, ಇಂಥ ಮರವಿದ್ದರೆ ನಿಮ್ಮ ಹತ್ತಿರದ ಸಂಶೋಧನಾ ಕೇಂದ್ರಕ್ಕೆ ತಿಳಿಸಿ. ಒಬ್ಬರ ತೋಟದ ಒಂದು ಮರದಿಂದ ತಳಿಯಾಗುವುದಿಲ್ಲ. ಹತ್ತು ಊರಿನ ಹತ್ತು ಮರ ಸೇರಿದರೆ ಆಗಬಹುದು. ಸಹಕಾರ ಸಂಘಕ್ಕೆ ಇದಕ್ಕಿಂತ ತಕ್ಕ ಕೆಲಸ ಬೇರೆ ಯಾವುದಿದೆ?

ಬೇಲಿಯಂಚಿನ ಒಂದು ಬಟರ್‌ನಟ್ ಮಾರಿದ ಅಮೆರಿಕದ ರೈತನಿಗೆ ಆ ವರ್ಷ ಕೈಗೆ ಸ್ವಲ್ಪ ದುಡ್ಡು ಬಂತು. ಅವನ ಮೊಮ್ಮಗ ಇಂದು ಅದೇ ಜಾತಿಯ ಅಪ್ಪಟ ಸಸಿಯೊಂದನ್ನು ನೆಡಲು ಬಯಸಿದರೆ ವಂಶವಾಹಿ ಪರೀಕ್ಷೆ ಮಾಡಿಸಿ ತರಬೇಕಾಗಿದೆ. ಈ ಮಳೆಗಾಲ ಹಿಡಿಯುವ ಮೊದಲು ಒಂದು ಡಬ್ಬಿ ಸುಣ್ಣ ಹಿಡಿದು ತೋಟ ಸುತ್ತಿ ಬರಲು ನಮಗೆ ಅಷ್ಟು ಖರ್ಚೇನೂ ಆಗದು.